ಗ್ಲಾಕೋಮಾ: ಜೀನ್ 'ಎಕ್ಸ್‌ಪ್ರೆಶನ್' ಜಾಸ್ತಿ ಆಗುವುದು ಅಂದ್ರೆ ಏನು?

ಮಸುಕು ಕನ್ನಡಕ:
ಅಮ್ಮನಿಗೆ 61ನೇ ವಯಸ್ಸಿನಲ್ಲಿ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುತ್ತಾ ಹೋಗುವ ಕಾಯಿಲೆ, ಅಂತ ಗೊತ್ತಾಯಿತು. ನಾನೂ ತೋರಿಸಿಕೊಂಡೆ, ಕಣ್ಣಿನ ಒತ್ತಡ 18, ನಾರ್ಮಲ್ ಅಂದರು. ಅಲ್ಲಿಗೆ ಸುಮ್ನೆ ಇರಬೇಕಿತ್ತು, ಓದೋಕೆ ಕೂತೆ. ಎಲ್ಲಿ ನೋಡಿದರೂ ಈ ಜೀನ್‌ನ ಎಕ್ಸ್‌ಪ್ರೆಶನ್ ಏರಿತು, ಆ ಜೀನ್‌ನದು ಇಳಿಯಿತು ಅಂತಲೇ ಇದೆ. ಜೀನ್ ಹುಟ್ಟುವಾಗಲೇ ಬಂದದ್ದು ಅಲ್ವಾ, ಅದು ಏರುವುದು ಇಳಿಯುವುದು ಹೇಗೆ? ಜೀನ್ ಟೆಸ್ಟ್ ಮಾಡಿಸಲಾ?

ಲ್ಯಾಬ್ ಮೂಲೆ:
ಜೀನ್ ಬದಲಾಗುವುದಿಲ್ಲ, ಅದರಿಂದ ಎಷ್ಟು ಪ್ರೋಟೀನ್ ತಯಾರಾಗುತ್ತದೆ ಅನ್ನುವುದು ಬದಲಾಗುತ್ತದೆ. ಅದೇ ಎಕ್ಸ್‌ಪ್ರೆಶನ್. ಕಣ್ಣಿನೊಳಗಿನ ನೀರು ಹೊರಹೋಗುವ ಜಾಗದಲ್ಲಿ ಜರಡಿಯಂಥ ಒಂದು ಅಂಗಾಂಶ ಇದೆ, ಅಲ್ಲಿನ ಜೀವಕೋಶಗಳು ಮಯೋಸಿಲಿನ್ ಅನ್ನುವ ಪ್ರೋಟೀನ್ ಮಾಡುತ್ತವೆ. ಅದರ ಜೀನ್‌ನಲ್ಲಿ ದೋಷ ಇದ್ದರೆ ಗ್ಲಾಕೋಮಾ ಬರಬಹುದು ಅಂತ 1997ರಲ್ಲಿ ಗೊತ್ತಾಯಿತು. ದೋಷ ಇರುವ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ, ಹೊರಗೂ ಹೋಗದೆ ಕೋಶದೊಳಗೇ ಗಂಟು ಬೀಳುತ್ತದೆ, ಕೋಶ ಸೊರಗುತ್ತದೆ, ನೀರು ಸರಾಗವಾಗಿ ಹೋಗುವುದಿಲ್ಲ, ಒತ್ತಡ ಏರುತ್ತದೆ. ನನಗೆ ತುಂಬಾ ಹಿಡಿಸಿದ್ದು ಏನು ಗೊತ್ತಾ, ಈ ಪ್ರೋಟೀನ್ ಇಲ್ಲದ ಇಲಿಗಳಿಗೆ ಗ್ಲಾಕೋಮಾ ಬರುವುದಿಲ್ಲ! ಅಂದರೆ ಕೊರತೆಯಲ್ಲ, ಕೆಟ್ಟ ಸರಕು ಒಳಗೆ ಕೂತದ್ದೇ ತೊಂದರೆ.

ಆದರೆ ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ, ನೀರು ಹೋಗುವ ಕೋನ ಮುಚ್ಚಿಕೊಂಡಿರದ ಓಪನ್ ಆ್ಯಂಗಲ್ ಗ್ಲಾಕೋಮಾದಲ್ಲಿ ಈ ದೋಷ ಇರುವುದು ನೂರಕ್ಕೆ 3-4 ಜನರಿಗೆ ಮಾತ್ರ. ಟೆಸ್ಟ್ ಮಾಡಿಸುವುದಾದರೆ ಮೊದಲು ಅಮ್ಮನಿಗೆ. ಅವರಲ್ಲೇ ಏನೂ ಸಿಗದಿದ್ದರೆ ನಿಮ್ಮ ರಿಪೋರ್ಟ್ ಕ್ಲೀನ್ ಬಂದರೂ ಅದರಿಂದ ಏನೂ ತಿಳಿಯುವುದಿಲ್ಲ.

ಹಳೇ ಅಲರ್ಜಿ:
ಸ್ಟೆರಾಯ್ಡ್ ವಿಷಯ ಬಿಟ್ಟಿರಲ್ಲ. ಅಲರ್ಜಿಗೆ ಅಂತ ಸ್ಟೆರಾಯ್ಡ್ ಡ್ರಾಪ್ಸ್ ತಿಂಗಳುಗಟ್ಟಲೆ ಹಾಕಿಕೊಂಡು ನನ್ನ ಒತ್ತಡ 32ಕ್ಕೆ ಹೋಗಿತ್ತು. ನಿಲ್ಲಿಸಿದ ಮೇಲೆ ಇಳಿಯಿತು. ಸ್ಟೆರಾಯ್ಡ್ ಆ ಮಯೋಸಿಲಿನ್ ಜೀನನ್ನೇ ಜೋರು ಮಾಡುತ್ತದಂತೆ.

ಲ್ಯಾಬ್ ಮೂಲೆ:
ಜೋರು ಮಾಡುತ್ತದೆ, ನಿಜ, ಈ ಪ್ರೋಟೀನ್ ಗಮನಕ್ಕೆ ಬಂದದ್ದೂ ಹಾಗೆಯೇ. ಆದರೆ ಒತ್ತಡ ಏರಲು ಅದೇ ಕಾರಣ ಅನ್ನಬೇಡಿ, ಸರಿಯಾದ ಮಯೋಸಿಲಿನ್ ಜಾಸ್ತಿ ಆದರೂ ಇಲಿಗಳಲ್ಲಿ ಒತ್ತಡ ಏರಲಿಲ್ಲ. ಸ್ಟೆರಾಯ್ಡ್ ಇನ್ನೂ ಎಷ್ಟೋ ಜೀನ್‌ಗಳನ್ನು ಮುಟ್ಟುತ್ತದೆ, ಜರಡಿಯಲ್ಲಿ ನಾರಿನಂಥ ವಸ್ತು ತುಂಬಿಕೊಳ್ಳುತ್ತದೆ.

ರಾತ್ರಿ ಪಾಳಿ:
18 ಬಂತು ಅಂತ ಕೈಬಿಡಬೇಡಿ. ಟಿಬಿಕೆ1 ಅಂತ ಒಂದು ಜೀನ್ ಇದೆ, ಕೆಲವು ಕುಟುಂಬಗಳಲ್ಲಿ ಅದರ ಒಂದು ಪ್ರತಿ ಹೆಚ್ಚಿಗೆ ಇರುತ್ತದೆ. ಜೀನ್‌ನಲ್ಲಿ ತಪ್ಪೇ ಇಲ್ಲ, ಎಕ್ಸ್‌ಪ್ರೆಶನ್ ಜಾಸ್ತಿ, ಅಷ್ಟೇ. ಅವರಿಗೆ ಒತ್ತಡ ನಾರ್ಮಲ್ ಇದ್ದೂ ಗ್ಲಾಕೋಮಾ ಬರುತ್ತದೆ. ಇದು ಅಪರೂಪ, ಆದರೂ ಕಣ್ಣಿನ ನರದ ಒಸಿಟಿ ಸ್ಕ್ಯಾನ್, ಸುತ್ತಲಿನ ನೋಟ ಎಷ್ಟಿದೆ ಅಂತ ಅಳೆಯುವ ಫೀಲ್ಡ್ ಟೆಸ್ಟ್ ಆಗಿದೆಯಾ?

ಮಸುಕು ಕನ್ನಡಕ:
ಆಗಿಲ್ಲ, ಬರೀ ಒತ್ತಡ ನೋಡಿದರು. ಕೇಳುತ್ತೇನೆ. ಅಂದಹಾಗೆ ನನ್ನ ಮೂಗಿನ ಸ್ಪ್ರೇ ಡಬ್ಬಿ ಈಗಷ್ಟೇ ತಿರುಗಿಸಿ ನೋಡಿದೆ. ಅದೂ ಸ್ಟೆರಾಯ್ಡೇ.