ಅಪ್‌ಡೇಟ್: ಆ ಮೂರು ಇಂಗ್ಲಿಷ್ ವಾಕ್ಯಗಳನ್ನು ತಿದ್ದಿದ್ದು ಹೀಗೆ

ಆಫೀಸ್ ಮೇಲ್‌ನ ಮೂರು ವಾಕ್ಯ ಸರಿಯಿವೆಯೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

‘ಐ ಹ್ಯಾವ್ ಸಬ್ಮಿಟೆಡ್ ದ ರಿಪೋರ್ಟ್ ಯೆಸ್ಟರ್‌ಡೇ’ ಎಂಬುದರಲ್ಲಿದ್ದದ್ದು ಅಪ್ಪಟ ವ್ಯಾಕರಣದ ತಪ್ಪು. ಕನ್ನಡದಲ್ಲಿ ‘ನಿನ್ನೆ ಕೊಟ್ಟಿದ್ದೇನೆ’ ಅಂದರೆ ಏನೂ ತೊಂದರೆಯಿಲ್ಲ. ಆ ‘ಇದ್ದೇನೆ’ಯನ್ನೇ ನಾವು ಹ್ಯಾವ್ ಮಾಡಿಬಿಡುತ್ತೇವೆ. ಇಂಗ್ಲಿಷ್‌ನಲ್ಲಿ ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ ಥರ ಮುಗಿದುಹೋದ ಕಾಲ ಹೇಳಿದರೆ ಹ್ಯಾವ್ ಹೊಂದುವುದಿಲ್ಲ. ‘ಐ ಸಬ್ಮಿಟೆಡ್ ದ ರಿಪೋರ್ಟ್ ಯೆಸ್ಟರ್‌ಡೇ’ ಅಂದರೆ ಸಾಕು. ಹ್ಯಾವ್ ಉಳಿಯಬೇಕಾದರೆ ಯೆಸ್ಟರ್‌ಡೇ ಹೋಗಬೇಕು. (‘ಸಿನ್ಸ್ ಯೆಸ್ಟರ್‌ಡೇ’ ಬೇರೆ ಲೆಕ್ಕ: ‘ಐ ಹ್ಯಾವ್ ಬೀನ್ ಇಲ್ ಸಿನ್ಸ್ ಯೆಸ್ಟರ್‌ಡೇ’ ಸರಿ.)

‘ಡಿಸ್ಕಸ್ ಅಬೌಟ್ ದ ಬಜೆಟ್’ನಲ್ಲಿ ಅಬೌಟ್ ತೆಗೆದೆ. ‘ಬಗ್ಗೆ’ ಅನ್ನುವ ಅರ್ಥ ಡಿಸ್ಕಸ್ ಒಳಗೇ ಇದೆ. ಆದರೆ ‘ಎ ಡಿಸ್ಕಷನ್ ಅಬೌಟ್ ದ ಬಜೆಟ್’ ಸರಿ. ಗೊಂದಲ ಹುಟ್ಟುವುದು ಇಲ್ಲೇ.

‘ಐ ಹ್ಯಾವ್ ಎ ಡೌಟ್’ ವ್ಯಾಕರಣದಲ್ಲಿ ಪಾಸು, ಪದದಲ್ಲಿ ಫೇಲು. ನಮ್ಮಲ್ಲಿ ಅದು ಪ್ರಶ್ನೆ. ಅಮೆರಿಕ, ಬ್ರಿಟನ್‌ನವರ ಕಿವಿಗೆ ಅಪನಂಬಿಕೆ. ‘ಐ ಹ್ಯಾವ್ ಎ ಕ್ವೆಶ್ಚನ್’ ಅಂತ ಬದಲಿಸಿದೆ. ವಾಕ್ಯರಚನೆ ಸರಿಯಿರುವುದರಿಂದ ಗ್ರಾಮರ್ ಚೆಕರ್ ಇಂಥದ್ದನ್ನು ಸುಮ್ಮನೆ ಬಿಟ್ಟುಬಿಡಬಹುದು. ಹಾಗಾಗಿ ಯಾವ ಪದದ ಜೊತೆ ಯಾವ ಪದ ಹೊಂದುತ್ತದೆ ಎಂಬ ಅನುಮಾನ ಬಂದಾಗ 100 ಕೋಟಿಗೂ ಹೆಚ್ಚು ಪದಗಳಿರುವ ಕೋಕಾ ಕಾರ್ಪಸ್‌ನಲ್ಲಿ (ಅಮೆರಿಕನ್ ಇಂಗ್ಲಿಷ್‌ನ ಬರಹ, ಮಾತುಗಳ ಆನ್‌ಲೈನ್ ಸಂಗ್ರಹ) ಎರಡೂ ರೂಪ ಹುಡುಕಿ, ಎಣಿಕೆಯ ಜೊತೆಗೆ ನಾಲ್ಕೈದು ಉದಾಹರಣೆಗಳನ್ನೂ ಓದಿ ನೋಡಿ.