ಸಹಾಯ ಬೇಕು: ‘ಥ್ರೀ ಮೀಲ್ಸ್ ಎ ಡೇ’ ಯಾವುದಾದ ಮೇಲೆ ಯಾವುದು?

ಅಮ್ಮನ ಜೊತೆ ಈ ಕೊರಿಯನ್ ಶೋ ನೋಡುತ್ತಿದ್ದೇನೆ. 2014ರ ಮೊದಲ ಸೀಸನ್ ಮುಗಿಯಿತು. ಲೀ ಸೊ-ಜಿನ್, ಟೆಕ್ಯೋನ್ ಇಬ್ಬರೂ ಜಂಗ್‌ಸನ್ ಹಳ್ಳಿಮನೆಯಲ್ಲಿ ಸೌದೆ ಉರಿಸಿ ಮೂರು ಹೊತ್ತು ಅಡುಗೆ ಮಾಡುತ್ತಾರಲ್ಲ, ಅದು. ಮಾಂಸ ಬೇಕಂದ್ರೆ ಸಾಲ, ತೀರಿಸೋಕೆ ಜೋಳ ಕೊಯ್ಯಬೇಕು. “ಜೋಳ ಕೊಯ್ಯೋದು ಹೀಗಾ?” ಅಂತ ಅಮ್ಮ ಟಿವಿಗೇ ಬೈದರು.

ಮುಂದಿನದು ಹಾಕಿದರೆ ಬೇರೆ ಜನ! ಮಂಜೆ ದ್ವೀಪ, ಮೀನು, ಚಾ ಸುಂಗ್-ವನ್. ಆ್ಯಪ್‌ನಲ್ಲಿ ಅದಕ್ಕೂ ಸೀಸನ್ 1 ಅಂತಲೇ ಇದೆ. ವರ್ಷ ನೋಡಿ ಜೋಡಿಸೋಣ ಅಂದರೆ 2015ರಲ್ಲೇ ಮೂರು ಸಿಕ್ಕವು. ತಲೆ ಕೆಟ್ಟುಹೋಯಿತು.

ಅಮ್ಮನಿಗೆ ಜಂಗ್‌ಸನ್ ತಂಡವೇ ಬೇಕು, ಜಾಸ್ತಿ ಆ ಮೇಕೆ ಜಾಕ್ಸನ್‌ಗೋಸ್ಕರ. ಆ ತಂಡದ ಮುಂದಿನ ಸೀಸನ್ ಈ ಮೂರರಲ್ಲಿ ಯಾವುದು? ದ್ವೀಪದ್ದು ಬಿಟ್ಟು ನೋಡಿದರೆ ಏನಾದರೂ ತಪ್ಪಿಹೋಗುತ್ತಾ?