ಸಹಾಯ ಬೇಕು: ಕಟ್ಟಿ ಹಾಕಿದ ಹಸುವಿನ ಬೆದೆಯನ್ನು ಕೊರಳಪಟ್ಟಿ ಸೆನ್ಸರ್ ಹಿಡಿಯುತ್ತಾ?

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 11 ಹಸುಗಳಿವೆ. ಮೂರು ತಿಂಗಳ ಹಿಂದೆ ಅವುಗಳಲ್ಲಿ ಆರಕ್ಕೆ ಬೆದೆ ಪತ್ತೆ ಮಾಡುವ ಸೆನ್ಸರ್ ಪಟ್ಟಿ ಹಾಕಿಸಿದೆ. ಓಡಾಟ ಹೆಚ್ಚಾಗಿ ಮೆಲುಕು ಹಾಕುವುದು ಕಡಿಮೆಯಾದರೆ ಮೊಬೈಲಿಗೆ ಸಂದೇಶ ಬರುತ್ತದೆ.

ಕಳೆದ ವಾರ ಬೆಳಗಿನ ಜಾವ ಹಾಲು ಕರೆಯಲು ಹೋದರೆ ಒಂದು ಹಸು ಒಂದೇ ಸಮನೆ ಕೂಗುತ್ತಿತ್ತು. ಬಾಲದ ಬುಡದಿಂದ ಗಾಜಿನ ಎಳೆಯಂಥ ಲೋಳೆ ಜೋತು ಬಿದ್ದಿತ್ತು. ಮೊಬೈಲಿನಲ್ಲಿ ಮಾತ್ರ ಏನೂ ಇಲ್ಲ! ಬೆಳಿಗ್ಗೆ ಬೆದೆ ಕಂಡರೆ ಸಂಜೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಬೇಕೆಂಬ ಲೆಕ್ಕ ಗೊತ್ತಿದ್ದರಿಂದ ಡಾಕ್ಟರನ್ನು ಕರೆಸಿದೆ. ನಾನು ಕಾಣದೇ ಹೋಗಿದ್ದರೆ ಮುಂದಿನ ಬೆದೆಗೆ ಮತ್ತೆ ಸುಮಾರು 21 ದಿನ ಕಾಯಬೇಕಿತ್ತು. ಅದಕ್ಕೂ ಮುಂಚೆ, ಕೊಟ್ಟಿಗೆ ತೊಳೆಯಲೆಂದು ಎಲ್ಲವನ್ನೂ ಹೊರಗೆ ಬಿಟ್ಟ ದಿನ ಗಬ್ಬದ ಹಸುವಿಗೂ ಬೆದೆ ಎಂದು ಸಂದೇಶ ಬಂದಿತ್ತು.

ನನ್ನ ಅನುಮಾನ ಇಷ್ಟೆ: ಹಸುಗಳು ದಿನವಿಡೀ ಕಟ್ಟಿದ ಜಾಗದಲ್ಲೇ ಇರುತ್ತವೆ. ಬೆದೆಗೆ ಬಂದರೂ ನಡೆಯಲು, ಇನ್ನೊಂದರ ಮೇಲೆ ಹತ್ತಲು ಜಾಗವೇ ಇಲ್ಲ. ಹಾಗಿದ್ದಾಗ ಸೆನ್ಸರ್ ಏನನ್ನು ಅಳೆಯಬೇಕು?

ಕಟ್ಟಿ ಸಾಕುವವರು ಯಾರಾದರೂ ಈ ಪಟ್ಟಿ ಬಳಸುತ್ತಿದ್ದೀರಾ? ದಿನಕ್ಕೆರಡು ಸಲ ಅರ್ಧ ಗಂಟೆ ಬಯಲಿಗೆ ಬಿಟ್ಟರೆ ಸಾಕಾಗುತ್ತದೆಯೇ, ಅಥವಾ ಮೆಲುಕಿನ ಲೆಕ್ಕವನ್ನಷ್ಟೇ ನಂಬುವಂತೆ ಸೆಟ್ಟಿಂಗ್ ಬದಲಿಸಬಹುದೇ? ಪಟ್ಟಿ ಸಡಿಲವಾದರೂ ಹೀಗಾಗುತ್ತದೆಯೇ? ನನ್ನವು ಎರಡು ಬೆರಳು ಹೋಗುವಷ್ಟು ಸಡಿಲ ಇವೆ. ಉಳಿದ ಐದಕ್ಕೂ ಹಾಕಿಸುವ ಮುಂಚೆ ನಿಮ್ಮ ಅನುಭವ ತಿಳಿಸಿ, ದಯವಿಟ್ಟು.